ಪುಸ್ತಕ ಮಾರೋ ಕಂಪನಿ ಸರ್ವರ್ ಯಾಕೆ ಬಾಡಿಗೆಗೆ ಕೊಡುತ್ತೆ?

ಪ್ರಶ್ನೆ: ಸರ್, ನಮ್ದು ಮಂಡ್ಯ. ಅಪ್ಪಂದು ಕಾಲೇಜ್ ಹತ್ರ ಪುಸ್ತಕ, ಸ್ಟೇಷನರಿ ಅಂಗಡಿ, ಜೊತೆಗೆ ಜೆರಾಕ್ಸ್ ಮಿಷಿನ್ ಇದೆ, ಬೆಂಗಳೂರಿನ ಅವೆನ್ಯೂ ರೋಡಿಂದ ಮಾಲು ತರೋಕೆ ಒಂದು ಟಾಟಾ ಏಸ್ ಗಾಡಿನೂ ಇದೆ. ಅಮೆಜಾನ್ ಕೂಡ ಪುಸ್ತಕದಿಂದಲೇ ಶುರುವಾಗಿದ್ದಂತೆ, ಈಗ ನೋಡಿದ್ರೆ ಸರ್ವರ್ ಬಾಡಿಗೆಗೆ ಕೊಡ್ತಾರೆ, ಸಿನಿಮಾ ತೋರಿಸ್ತಾರೆ. ಗೂಗಲ್ ಡ್ರೈವರ್ ಇಲ್ದೆ ಕಾರ್ ಓಡಿಸ್ತಿದೆ, ಫೋನ್‌ಪೇ ಚಿನ್ನ ಮಾರ್ತಿದೆ. ಈ ದೊಡ್ಡ ಟೆಕ್ ಕಂಪನಿಗಳು ತಮ್ಮ ಮೊದಲ್ನೇ ಬಿಸಿನೆಸ್ ಬಿಟ್ಟು ಬೇರೆ ಕಡೆ ಹೋಗೋದು ಏನ್ ಲೆಕ್ಕದ ಮೇಲೆ? ನನ್ ತಮ್ಮ ನಾವೂ ಒಂದು ಡೆಲಿವರಿ ಆ್ಯಪ್ ಮಾಡೋಣ ಅಂತ ಹಠ ಹಿಡ್ದಿದಾನೆ, ಅದಕ್ಕೇ ಕೇಳ್ತಿದೀನಿ.

ಉತ್ತರ: ನಿಮ್ ತಮ್ಮನ ಆ್ಯಪ್ ವಿಷಯಕ್ಕೆ ಕೊನೇಲಿ ಬರ್ತೀನಿ, ಮರ್ತಿಲ್ಲ. ಮೊದಲು ದುಡ್ಡು ಎಲ್ಲಿಂದ ಬರ್ತಿದೆ ಅಂತ ನೋಡ್ಬಿಡೋಣ. ಗೂಗಲ್‌ನ ತಾಯಿ ಕಂಪನಿ ಆಲ್ಫಬೆಟ್‌ಗೆ 2024ರಲ್ಲಿ ಬಂದ ಆದಾಯ ಸುಮಾರು 350 ಬಿಲಿಯನ್ ಡಾಲರ್ (ಒಂದು ಬಿಲಿಯನ್ ಅಂದ್ರೆ ನೂರು ಕೋಟಿ), ಅದರಲ್ಲಿ ಮುಕ್ಕಾಲು ಪಾಲು ಬರೀ ಜಾಹೀರಾತಿಂದ. ಫೇಸ್‌ಬುಕ್‌ನವ್ರು 2021ರಲ್ಲಿ ಹೆಸರನ್ನೇ ಮೆಟಾ ಅಂತ ಬದಲಾಯಿಸ್ಕೊಂಡು ಕನ್ನಡಕದೊಳಗಿನ ಪ್ರಪಂಚ ಕಟ್ತೀವಿ ಅಂತ ಹೊರಟ್ರಲ್ಲ, ಅವರ ಆದಾಯದಲ್ಲಿ 2024ರಲ್ಲೂ ನೂರಕ್ಕೆ 97ಕ್ಕಿಂತ ಜಾಸ್ತಿ ಜಾಹೀರಾತೇ, ಆ ಕನ್ನಡಕದ ವಿಭಾಗ ಅದೇ ವರ್ಷ 17 ಬಿಲಿಯನ್‌ಗೂ ಮೇಲೆ ನಷ್ಟ ಮಾಡ್ತು. ಡ್ರೈವರ್ ಇಲ್ಲದ ಕಾರು ಸೇರಿ ಆಲ್ಫಬೆಟ್ ಸೈಡಲ್ಲಿ ಇಟ್ಕೊಂಡಿರೋ ಬಾಜಿಗಳೆಲ್ಲಾ ಸೇರಿ ಅದೇ ವರ್ಷ ನಾಲ್ಕು ಬಿಲಿಯನ್‌ಗೂ ಮೇಲೆ ಕಳ್ದಿವೆ. ಅಂದ್ರೆ ಯಾರೂ ಮೊದಲ್ನೇ ವ್ಯಾಪಾರ ಬಿಟ್ಟು ಹೋಗಿಲ್ಲ ಕಣ್ರೀ. ಪೇಪರಲ್ಲಿ ಫೋಟೋ ಬರೋದು ಕಾರಿಂದು, ಸಂಬಳ ಬರೋದು ಹಳೇ ಗಲ್ಲಾಪೆಟ್ಟಿಗೆಯಿಂದ.

ಹಾಗಾದ್ರೆ ಯಾಕೆ ಹೋಗ್ತಾರೆ? ನಾನು ಬೆಂಗಳೂರಲ್ಲಿ ಟೆಕ್ ಕಂಪನಿಗಳ ಪ್ಲಾನಿಂಗ್ ಕೆಲಸದಲ್ಲೇ ತಲೆ ಬೆಳ್ಳಗೆ ಮಾಡ್ಕೊಂಡು ಈಗ ಮೈಸೂರಲ್ಲಿ ಎಂಬಿಎ ಹುಡುಗರಿಗೆ ಪಾಠ ಮಾಡ್ತಿರೋನು, ಹುಡುಗರು ಬರೆಯೋ ಉತ್ತರ ಯಾವಾಗಲೂ ಒಂದೇ, ಹೊಸ ಅವಕಾಶ ಕಂಡ್ರು, ಹೋದ್ರು ಅಂತ. ನನಗೆ ಅದು ಅಷ್ಟು ಸರಿ ಅನ್ಸಲ್ಲ. ಗೆದ್ದಿರೋ ವಿಸ್ತರಣೆಗಳನ್ನ ತೆಗೆದು ನೋಡಿದ್ರೆ ಹೆಚ್ಚಿನವು ಎರಡೇ ದಾರೀಲಿ ಬಂದಿರೋದು. ಒಂದು, ತಮಗೋಸ್ಕರ ಕಟ್ಕೊಂಡಿದ್ದ ಒಳಗಿನ ಕೆಲಸವನ್ನ ಹೊರಗಿನವ್ರಿಗೆ ಮಾರಿದ್ದು. ಇನ್ನೊಂದು, ಹಳೇ ವ್ಯಾಪಾರದ ಬಾಗಿಲಿಗೆ ಬೇರೆ ಯಾರೋ ಬೀಗ ಹಾಕಿಬಿಡ್ತಾರೆ ಅನ್ನೋ ಭಯಕ್ಕೆ ಮಾಡಿದ್ದು. ಆಸೆಗೆ ಬಿದ್ದು ಮಾಡಿದ್ದೂ ಉಂಟು, ಅವು ಹೆಚ್ಚಾಗಿ ನೆಲ ಕಚ್ಚಿದಾವೆ.

ಮೊದಲ್ನೇದಕ್ಕೆ ಅಮೆಜಾನ್‌ಗಿಂತ ಒಳ್ಳೇ ಉದಾಹರಣೆ ಇಲ್ಲ. 1994ರಲ್ಲಿ ಕಂಪನಿ ಶುರು, 1995ರಲ್ಲಿ ಆನ್‌ಲೈನಲ್ಲಿ ಪುಸ್ತಕ ಮಾರಾಟ. ಪುಸ್ತಕಾನೇ ಯಾಕೆ ಅಂದ್ರೆ ಕೆಡಲ್ಲ, ಸೈಜ್ ನೋಡಿ ವಾಪಸ್ ಕೊಡೋ ಪ್ರಮೇಯ ಇಲ್ಲ, ಯಾವ ಅಂಗಡೀಲೂ ಇಡೋಕಾಗದಷ್ಟು ಲಕ್ಷಾಂತರ ಪುಸ್ತಕ ಲಿಸ್ಟಲ್ಲಿ ಹಾಕಬಹುದು. ಅಲ್ಲಿಂದ ಸಿಡಿ, ಆಟದ ಸಾಮಾನು, ಎಲೆಕ್ಟ್ರಾನಿಕ್ಸ್, ಇದು ವಿಸ್ತರಣೆನೇ ಆದ್ರೂ ಅಂಥ ದೊಡ್ಡ ವಿಷಯ ಅಲ್ಲ, ನೀವು ಪುಸ್ತಕದ ಪಕ್ಕ ಪೆನ್ನು ಇಟ್ಟಂಗೆ. 2000ದಲ್ಲಿ ಬೇರೆ ವ್ಯಾಪಾರಿಗಳಿಗೂ ತಮ್ಮ ಸೈಟಲ್ಲಿ ಜಾಗ ಬಿಟ್ರಲ್ಲ, ಅಲ್ಲಿಂದ ಕಥೆ ಬೇರೆ ಆಯ್ತು. ಯಾಕಂದ್ರೆ ಆವಾಗ ಅವರ ಗ್ರಾಹಕ ಅಂದ್ರೆ ಬರೀ ಕೊಳ್ಳೋನಲ್ಲ, ಮಾರೋನೂ ಗ್ರಾಹಕನೇ.

ಇದೇ ಹೊತ್ತಲ್ಲಿ ಒಳಗೆ ಒಂದು ತಲೆನೋವು ಶುರುವಾಗಿತ್ತು. ಕಂಪನೀಲಿ ಯಾವುದೇ ಟೀಮ್ ಹೊಸದೇನಾದ್ರೂ ಕಟ್ಬೇಕಂದ್ರೆ ಅರ್ಧ ಸಮಯ ಸರ್ವರ್ (ಸೈಟು, ಆ್ಯಪ್ ನಡೆಸೋ ಕಂಪ್ಯೂಟರ್) ಹೊಂದಿಸೋದ್ರಲ್ಲಿ, ಸ್ಟೋರೇಜ್ ವ್ಯವಸ್ಥೆ ಮಾಡೋದ್ರಲ್ಲೇ ಹೋಗ್ತಿತ್ತು, ಪ್ರತಿ ಟೀಮೂ ಅದೇ ಕೆಲಸವನ್ನ ಮೊದಲಿಂದ ಮಾಡ್ತಿತ್ತು. ಅದನ್ನ ಒಂದೇ ಕಡೆ, ಒಂದೇ ಥರ, ಬೇಕಾದವ್ರು ಬೇಕಾದಷ್ಟು ತಗೊಳ್ಳೋ ಹಾಗೆ ಮಾಡೋಣ ಅಂತ ಹೊರಟ್ರು. 2003ರಲ್ಲಿ ಬೆಂಜಮಿನ್ ಬ್ಲ್ಯಾಕ್, ಕ್ರಿಸ್ ಪಿಂಕಮ್ ಅನ್ನೋ ಇಬ್ಬರು ಎಂಜಿನಿಯರುಗಳು ಇದರ ಬಗ್ಗೆ ಒಂದು ಟಿಪ್ಪಣಿ ಬರೆದು, ಕೊನೇಲಿ ಇದನ್ನ ಹೊರಗಿನವ್ರಿಗೂ ಮಾರಬಹುದು ಅಂತ ಸೇರಿಸಿದ್ರು. 2006ರ ಮಾರ್ಚಲ್ಲಿ ಸ್ಟೋರೇಜ್ ಬಾಡಿಗೆ ಸೇವೆ ಬಂತು, ಆಗಸ್ಟಲ್ಲಿ ಸರ್ವರ್ ಬಾಡಿಗೆ. ಆ ಸರ್ವರ್ ಸೇವೆ ತಯಾರಾಗಿದ್ದು ಅಮೆರಿಕದ ಹೆಡ್ಡಾಫೀಸಲ್ಲೂ ಅಲ್ಲ, ದಕ್ಷಿಣ ಆಫ್ರಿಕಾದ ಕೇಪ್‌ಟೌನಲ್ಲಿ ಪಿಂಕಮ್ ಜೊತೆ ಕೂತಿದ್ದ ಒಂದು ಸಣ್ಣ ಟೀಮಲ್ಲಿ. ದೊಡ್ಡವರ ಕಣ್ಣಿಂದ ದೂರ ಇದ್ದಿದ್ದೇ ಅವರಿಗೆ ಒಳ್ಳೇದಾಯ್ತು ಅಂತ ನನಗನ್ಸುತ್ತೆ.

ಈ ಜಾಗದಲ್ಲಿ ಒಂದು ತಪ್ಪು ಕಥೆ ಬಹಳ ಓಡಾಡ್ತಿದೆ. ಕ್ರಿಸ್‌ಮಸ್ ಸೀಸನ್‌ಗೆ ಅಂತ ಜಾಸ್ತಿ ಸರ್ವರ್ ತಗೊಂಡಿದ್ರು, ಮಿಕ್ಕ ತಿಂಗಳು ಖಾಲಿ ಕೂತಿರ್ತಿದ್ವು, ಆ ಖಾಲೀನ ಮಾರಿದ್ರು ಅಂತ. ಮಂಡ್ಯದೋರಿಗೆ ಇದು ಕೇಳಿದ ತಕ್ಷಣ ಸರಿ ಅನ್ಸೋದು ಸಹಜ, ಸಕ್ಕರೆ ಕಾರ್ಖಾನೆ ಅಂದ್ರೆ ನಮಗೆ ಗೊತ್ತಲ್ಲ, ಸಕ್ಕರೆ ತೆಗೆದ ಮೇಲೆ ಉಳಿದ ಕಾಕಂಬಿಯಿಂದ ಸ್ಪಿರಿಟ್ಟು, ಕಬ್ಬಿನ ಸಿಪ್ಪೆಯಿಂದ ಕರೆಂಟು, ಉಳಿದಿದ್ದನ್ನ ದುಡ್ಡು ಮಾಡೋದು. ಆದ್ರೆ ಅಮೆಜಾನ್‌ದು ಕಾಕಂಬಿ ವ್ಯಾಪಾರ ಅಲ್ಲ. ಖಾಲಿ ಸರ್ವರ್ ಮಾರಿದ್ದೇ ಆಗಿದ್ರೆ ಮುಂದಿನ ಕ್ರಿಸ್‌ಮಸ್‌ಗೆ ಬಾಡಿಗೆಗೆ ಬಂದೋರನ್ನೆಲ್ಲಾ ಎಬ್ಬಿಸಿ ಕಳಿಸ್ಬೇಕಿತ್ತಲ್ವಾ? ಕಂಪನಿಯ ತಾಂತ್ರಿಕ ಮುಖ್ಯಸ್ಥ ವರ್ನರ್ ವೋಗೆಲ್ಸ್ ಅವರೇ ಇದು ಸುಳ್ಳು ಅಂತ ಹೇಳಿದಾರೆ. ಅವರು ಮಾರಿದ್ದು ಮಿಕ್ಕಿದ್ದನ್ನಲ್ಲ, ತಾವು ಕಷ್ಟಪಟ್ಟು ಕಲಿತ ಕೆಲಸವನ್ನ, ಅದಕ್ಕೆ ಅಂತಲೇ ಬೇರೆ ಬಂಡವಾಳ ಹಾಕಿ.

ಫಲ ನೋಡಿ. 2024ರಲ್ಲಿ ಅಮೆಜಾನ್‌ನ ಒಟ್ಟು ಮಾರಾಟ 638 ಬಿಲಿಯನ್ ಡಾಲರ್, ಅದರಲ್ಲಿ ಈ ಸರ್ವರ್, ಸ್ಟೋರೇಜ್ ಬಾಡಿಗೆ ವ್ಯಾಪಾರದ್ದು (ಇದಕ್ಕೇ ಕ್ಲೌಡ್ ಅನ್ನೋದು) 107 ಚಿಲ್ಲರೆ, ಆರರಲ್ಲಿ ಒಂದು ಪಾಲು ಅಂದ್ಕೊಳಿ. ಆದ್ರೆ ಕಾರ್ಯಾಚರಣೆ ಲಾಭ, ಅಂದ್ರೆ ಬಡ್ಡಿ, ತೆರಿಗೆ ಕಳೆಯೋ ಮುಂಚಿನ ಲಾಭ, 68 ಬಿಲಿಯನ್ ಚಿಲ್ಲರೇಲಿ 39 ಚಿಲ್ಲರೆ ಇದೊಂದರಿಂದಲೇ. ಅರ್ಧಕ್ಕಿಂತ ಜಾಸ್ತಿ! ನಿಮ್ಮ ಮನೆ ಬಾಗಿಲಿಗೆ ಬರೋ ಪಾರ್ಸಲ್ಲಲ್ಲಿ ಅವರಿಗೆ ಸಿಗೋದು ಕಮ್ಮಿ, ಕಣ್ಣಿಗೆ ಕಾಣದ ಸರ್ವರಲ್ಲಿ ಸಿಗೋದು ಜಾಸ್ತಿ. ನಾನು ಮೇಲೆ ಯಾರೂ ಹಳೇ ವ್ಯಾಪಾರ ಬಿಟ್ಟಿಲ್ಲ ಅಂದ್ನಲ್ಲ, ಹೊಸದು ಹಳೇದನ್ನ ಮೀರಿಸಿರೋ ಅಪರೂಪದ ಕೇಸುಗಳಲ್ಲಿ ಇದೊಂದು, ಇನ್ನೊಂದು ಆಪಲ್. 1976ರಲ್ಲಿ ಕಂಪ್ಯೂಟರಿಂದ ಶುರುವಾದೋರು, 2007ರಲ್ಲಿ ಐಫೋನ್ ತಂದಾಗ ಹೆಸರಲ್ಲಿದ್ದ ಕಂಪ್ಯೂಟರ್ ಅನ್ನೋ ಪದಾನೇ ತೆಗೆದುಹಾಕಿದ್ರು, ಈಗ ಅವರ ಆದಾಯದಲ್ಲಿ ಅರ್ಧದಷ್ಟು ಫೋನಿಂದೇ.

ಈಗ ಭಯದ ಕಥೆಗೆ ಬನ್ನಿ, ನನಗೆ ಇದೇ ಜಾಸ್ತಿ ಇಷ್ಟ.

ಗೂಗಲ್‌ಗೆ 2000ದ ದಶಕದಲ್ಲಿ ಹುಡುಕಾಟದ ಜಾಹೀರಾತಿಂದ ದುಡ್ಡು ಹೊಳೆ ಥರ ಬರ್ತಿತ್ತು, ಆದ್ರೆ ಅವರ ಅಂಗಡಿ ಇದ್ದಿದ್ದು ಬೇರೆಯವ್ರ ಜಾಗದಲ್ಲಿ. ಜನ ಗೂಗಲ್‌ಗೆ ಬರ್ತಿದ್ದಿದ್ದು ಮೈಕ್ರೋಸಾಫ್ಟ್‌ನ ವಿಂಡೋಸಲ್ಲಿ, ಬಹಳಷ್ಟು ಸಲ ಮೈಕ್ರೋಸಾಫ್ಟ್‌ನದೇ ಬ್ರೌಸರಲ್ಲಿ. ಅವ್ರು ಒಂದು ದಿನ ಬಾಗಿಲು ಬೇರೆ ಕಡೆ ತಿರುಗಿಸಿದ್ರೆ ಮುಗೀತು. ನಾಳೆ ಫೋನಲ್ಲೂ ಹಿಂಗೇ ಆಗ್ಬಿಟ್ರೆ? 2005ರಲ್ಲಿ ಆಂಡ್ರಾಯ್ಡ್ ಅನ್ನೋ ಪುಟ್ಟ ಕಂಪನೀನ ಕೊಂಡ್ಕೊಂಡ್ರು, 2008ರಲ್ಲಿ ಕ್ರೋಮ್ ಬ್ರೌಸರ್ ತಂದ್ರು, ಎರಡನ್ನೂ ಪುಕ್ಕಟೆ ಹಂಚಿದ್ರು. ಫೋನ್ ಕಂಪನಿಗಳಿಗೆ ಆಂಡ್ರಾಯ್ಡ್ ಹಾಕ್ಕೊಳ್ಳಿ, ಕಾಸು ಬೇಡ, ಆದ್ರೆ ಪ್ಲೇಸ್ಟೋರ್ ಬೇಕು ಅಂದ್ರೆ ಜೊತೆಗೆ ನಮ್ಮ ಸರ್ಚ್, ನಮ್ಮ ಬ್ರೌಸರ್ ಹಾಕ್ಕೊಳ್ಳಿ ಅಂದ್ರು. ಹೊರಗಿಂದ ನೋಡೋರಿಗೆ ಗೂಗಲ್ ಮೊಬೈಲ್ ಬಿಸಿನೆಸ್‌ಗೆ ಇಳೀತು ಅನ್ಸುತ್ತೆ. ಅದು ತನ್ನ ಹಳೇ ಅಂಗಡಿ ಮುಂದಿನ ರಸ್ತೆಯನ್ನೇ ಕೊಂಡ್ಕೊಂಡಿದ್ದು ಅಷ್ಟೇಯ.

ಕೊಂಡ್ಕೊಳ್ಳೋಕಾಗದ ರಸ್ತೆಗೆ ಬಾಡಿಗೆ ಕಟ್ತಾರೆ. ಐಫೋನಲ್ಲಿ ಗೂಗಲ್ಲೇ ಮೊದಲ ಸರ್ಚ್ ಆಗಿರ್ಬೇಕು ಅಂತ ಆಪಲ್‌ಗೆ 2022 ಒಂದೇ ವರ್ಷ ಕೊಟ್ಟಿದ್ದು 20 ಬಿಲಿಯನ್ ಡಾಲರ್, ಕೋರ್ಟ್ ಕೇಸಿನ ದಾಖಲೆಗಳಿಂದ ಹೊರಗೆ ಬಂದ ವಿಷಯ ಇದು. ಇಷ್ಟು ಕೊಡ್ತಾರೆ ಅಂದ್ರೆ ಆ ಬಾಗಿಲಿನ ಬೆಲೆ ಎಷ್ಟಿರ್ಬೇಕು ಯೋಚ್ನೆ ಮಾಡಿ.

ಫೇಸ್‌ಬುಕ್ 2012ರಲ್ಲಿ ಇನ್‌ಸ್ಟಾಗ್ರಾಮನ್ನ ಒಂದು ಬಿಲಿಯನ್‌ಗೆ, 2014ರಲ್ಲಿ ವಾಟ್ಸಾಪನ್ನ 19 ಬಿಲಿಯನ್‌ಗೆ ಕೊಂಡಿದ್ದೂ ಇದೇ ಭಯಕ್ಕೆ. ವಾಟ್ಸಾಪಲ್ಲಿ ಆಗ ಇದ್ದ ನೌಕರರು ಐವತ್ತೈದು ಜನ, ಲಾಭ ಅಂತ ಹೇಳ್ಕೊಳ್ಳೋಕೆ ಏನೂ ಇರ್ಲಿಲ್ಲ, ಇದ್ದಿದ್ದು 45 ಕೋಟಿ ಬಳಕೆದಾರರು. ಆ ಜನ ಬೇರೆಯವ್ರ ಕೈಗೆ ಹೋಗ್ಬಾರ್ದು, ಅಷ್ಟೇ ಲೆಕ್ಕ.

ಆಸೆಗೆ ಬಿದ್ದೋರ ಕಥೆ ಜಾಸ್ತಿ ಎಳೆಯಲ್ಲ. ಅಮೆಜಾನ್ 2014ರಲ್ಲಿ ಫೈರ್ ಅಂತ ಫೋನ್ ತಂದು ಕೆಲವೇ ತಿಂಗಳಲ್ಲಿ 170 ಮಿಲಿಯನ್ (17 ಕೋಟಿ) ಡಾಲರ್ ನಷ್ಟ ಬರ್ಕೊಳ್ತು. ಮೈಕ್ರೋಸಾಫ್ಟ್ ನೋಕಿಯಾದ ಫೋನ್ ವಿಭಾಗವನ್ನ ಏಳು ಬಿಲಿಯನ್ ಚಿಲ್ಲರೆ ಕೊಟ್ಟು ಕೊಂಡು, 2015ರಲ್ಲಿ ಅದಕ್ಕಿಂತ ಜಾಸ್ತೀನೇ, 7.6 ಬಿಲಿಯನ್ ನಷ್ಟ ಅಂತ ಪುಸ್ತಕದಲ್ಲಿ ಬರೀತು. ಫೇಸ್‌ಬುಕ್ ಥರ ಅಂತ ಗೂಗಲ್ ಕಟ್ಟಿದ್ದ ಗೂಗಲ್ ಪ್ಲಸ್ 2019ರಲ್ಲಿ ಮುಚ್ತು. ಇವೆಲ್ಲದರಲ್ಲೂ ಒಂದು ಸಾಮಾನ್ಯ ವಿಷಯ ಏನಂದ್ರೆ ಪಕ್ಕದವನ ಹತ್ರ ಇದೆ ನಮಗೂ ಇರ್ಲಿ ಅಂತ ಹೋಗಿದ್ದು, ಗ್ರಾಹಕ ಮಾತ್ರ ಇವರ ಹತ್ರ ಅದನ್ನ ಕೇಳೇ ಇರ್ಲಿಲ್ಲ. ಮೈಕ್ರೋಸಾಫ್ಟ್‌ನ ಸತ್ಯ ನಾದೆಲ್ಲ (ನಮ್ಮ ಮಣಿಪಾಲದಲ್ಲೇ ಎಂಜಿನಿಯರಿಂಗ್ ಓದಿದೋರು) 2014ರಲ್ಲಿ ಕುರ್ಚೀಲಿ ಕೂತ ಮೇಲೆ ಫೋನ್ ಆಸೆ ಬಿಟ್ಟು, ತಮ್ಮ ಹತ್ರ ಆಗಲೇ ಇದ್ದ ಆಫೀಸ್ ಗಿರಾಕಿಗಳಿಗೇ ಕ್ಲೌಡ್ ಮಾರೋ ಕಡೆ ತಿರುಗಿದ್ರು, ಕಂಪನಿ ಮತ್ತೆ ಎದ್ದು ನಿಂತಿದ್ದು ಅದರಿಂದ.

ನೀವು ಫೋನ್‌ಪೇ ಚಿನ್ನ ಮಾರುತ್ತೆ ಅಂದ್ರಲ್ಲ, ಅದು ಇವೆರಡಕ್ಕೂ ಸೇರದ, ನಮ್ಮ ದೇಶದ್ದೇ ಆದ ಒಂದು ಕಾರಣ. ಯುಪಿಐ ವ್ಯವಹಾರಕ್ಕೆ 2020ರ ಜನವರಿಯಿಂದ ಅಂಗಡಿಯವ್ರ ಹತ್ರ ಶುಲ್ಕ ತಗೊಳ್ಳೋ ಹಾಗಿಲ್ಲ ಅಂತ ಸರ್ಕಾರ ಮಾಡಿದೆ. ನಿಮ್ಮ ಗಿರಾಕಿ ಐವತ್ತು ರೂಪಾಯಿ ನೋಟ್‌ಬುಕ್‌ಗೆ ಸ್ಕ್ಯಾನ್ ಮಾಡಿದ್ರೆ ಐವತ್ತೂ ನಿಮಗೇ ಬರುತ್ತೆ, ಆ್ಯಪ್‌ನೋನಿಗೆ ಅದರಿಂದ ಚಿಲ್ಲರೆ ಹುಟ್ಟಲ್ಲ, ಸರ್ಕಾರ ಕೊಡೋ ಪ್ರೋತ್ಸಾಹಧನ ಖರ್ಚಿಗೆ ಸಾಲಲ್ಲ. ಅಂದ್ರೆ ಇಲ್ಲಿ ಮೊದಲ್ನೇ ವ್ಯಾಪಾರದಲ್ಲಿ ದುಡ್ಡೇ ಇಲ್ಲ! ಅದಕ್ಕೇ ಇನ್ಶೂರೆನ್ಸು, ಚಿನ್ನ, ಮ್ಯೂಚುವಲ್ ಫಂಡು, ಕೌಂಟರ್ ಮೇಲೆ ಕೂತು ಕೂಗೋ ಸ್ಪೀಕರ್ ಡಬ್ಬಿಗೆ ಬಾಡಿಗೆ, ಕೊನೆಗೆ ಅಂಗಡಿ ಸಾಲ. ನಿಮ್ಮ ಅಪ್ಪನ ಫೋನ್‌ಗೂ ಸಾಲ ಬೇಕಾ ಅಂತ ಮೆಸೇಜ್ ಬಂದಿರುತ್ತೆ ನೋಡಿ. ದಿನಕ್ಕೆ ಎಷ್ಟು ವ್ಯಾಪಾರ ಆಗುತ್ತೆ, ಯಾವ ತಿಂಗಳು ಡಲ್ಲು ಅಂತ ಬ್ಯಾಂಕ್ ಮ್ಯಾನೇಜರಿಗಿಂತ ಚೆನ್ನಾಗಿ ಅವರಿಗೆ ಗೊತ್ತು. ಸಾಲ ಕೊಡೋದು ಅವರ ಜೊತೆ ಒಪ್ಪಂದ ಇರೋ ಹಣಕಾಸು ಸಂಸ್ಥೆ, ಎಷ್ಟೋ ಕಡೆ ಕಂತು ದಿನದ ಸ್ಕ್ಯಾನ್ ದುಡ್ಡಿಂದಲೇ ಕಟ್ಟಾಗುತ್ತೆ. ತಗೊಳ್ಳೋ ಮುಂಚೆ ವಾರ್ಷಿಕ ಬಡ್ಡಿ ಎಷ್ಟು ಅಂತ ಕೇಳಿ, ದಿನದ ಕಂತು ನೋಡಿ ಸಣ್ಣದು ಅಂತ ಮರುಳಾಗ್ಬೇಡಿ.

ನಮ್ಮ ಹುಡುಗರು ತಪ್ಪದೆ ಕೇಳೋ ಇನ್ನೊಂದು ಪ್ರಶ್ನೆ ಇದೆ, ಮೈಸೂರು ಹೆಬ್ಬಾಳದ ಕಡೆ ಅಷ್ಟು ದೊಡ್ಡ ಕ್ಯಾಂಪಸ್ ಇಟ್ಕೊಂಡಿರೋ ಇನ್ಫೋಸಿಸ್ ಯಾಕೆ ಗೂಗಲ್ ಥರ ಎಲ್ಲಾ ಕಡೆ ಕೈ ಹಾಕ್ಲಿಲ್ಲ ಅಂತ. ಕಾರಣ ಸರಳ. ಇನ್ಫೋಸಿಸ್ ಮುಖ್ಯವಾಗಿ ಮಾರೋದು ಎಂಜಿನಿಯರ್ ಕೆಲಸವನ್ನ, ವ್ಯಾಪಾರ ಎರಡು ಪಟ್ಟು ಆಗ್ಬೇಕಂದ್ರೆ ಜನಾನೂ ಹೆಚ್ಚುಕಮ್ಮಿ ಅಷ್ಟೇ ಬೇಕು, ಅದಕ್ಕೇ ಮೈಸೂರಲ್ಲಿ ಅಷ್ಟು ದೊಡ್ಡ ಟ್ರೈನಿಂಗ್ ಸೆಂಟರ್ ಕಟ್ಟಿದ್ದು. ಗೂಗಲ್‌ಗೆ ಒಂದು ಸರ್ಚ್ ಜಾಸ್ತಿ ಆದ್ರೆ ಖರ್ಚು ಹೆಚ್ಚುಕಮ್ಮಿ ಸೊನ್ನೆ. ಆ ಉಳಿದ ದುಡ್ಡೇ ಹತ್ತು ಕಡೆ ಸೋಲೋ ಧೈರ್ಯ ಕೊಡೋದು. ನಷ್ಟ ತಡ್ಕೊಳ್ಳೋ ಕೈ ಇದ್ದೋನು ಮಾತ್ರ ಕಾರು, ಕನ್ನಡಕ ಅಂತ ಆಡಬಹುದು.

ಹಾಗಂತ ಬೇರೆ ದಾರಿ ಇಲ್ಲ ಅಂತಲ್ಲ. ವಿಪ್ರೋ 1945ರಲ್ಲಿ ಮಹಾರಾಷ್ಟ್ರದ ಅಮಳನೇರದಲ್ಲಿ ವನಸ್ಪತಿ ಎಣ್ಣೆ ಮಾಡ್ತಿದ್ದ ಕಂಪನಿ, ಎಪ್ಪತ್ತರ ದಶಕದ ಕೊನೇಲಿ ಐಬಿಎಂ ಭಾರತ ಬಿಟ್ಟು ಹೋದಾಗ ಖಾಲಿ ಆದ ಜಾಗ ನೋಡಿ ಕಂಪ್ಯೂಟರ್‌ಗೆ ಬಂದ್ರು. ನಮ್ಮ ಮೈಸೂರಲ್ಲೇ ನೋಡಿ, ರಂಗರಾವ್ ಅವರು 1948ರಲ್ಲಿ ಶುರು ಮಾಡಿದ ಅಗರಬತ್ತಿ ವ್ಯಾಪಾರ, ಸೈಕಲ್ ಬ್ರಾಂಡ್ ಅಂದ್ರೆ ಯಾರ ದೇವರ ಮನೇಲಿಲ್ಲ ಹೇಳಿ, ಅದೇ ಮನೆತನ ಮುಂದೆ ರಂಗ್ಸನ್ಸ್ ಅಂತ ಎಲೆಕ್ಟ್ರಾನಿಕ್ಸ್, ವಿಮಾನದ ಬಿಡಿಭಾಗದವರೆಗೂ ಹೋಯ್ತು, ಆ ಎಲೆಕ್ಟ್ರಾನಿಕ್ಸ್ ಕಂಪನಿಯ ಹೆಚ್ಚಿನ ಪಾಲನ್ನ 2015ರಲ್ಲಿ ಹೈದರಾಬಾದಿನ ಸೈಯೆಂಟ್ ಅನ್ನೋ ಎಂಜಿನಿಯರಿಂಗ್ ಕಂಪನಿ ಕೊಂಡ್ಕೊಳ್ತು. ಇದು ನಮ್ಮ ದೇಶದ ಹಳೇ ಮನೆತನಗಳ ಕ್ರಮ, ಅಗರಬತ್ತಿಗೂ ಸರ್ಕ್ಯೂಟ್ ಬೋರ್ಡಿಗೂ ಗಿರಾಕಿ ಒಂದೇ ಅಲ್ಲ, ಒಳಗಿನ ಕೆಲಸಾನೂ ಒಂದೇ ಅಲ್ಲ, ಒಂದೇ ಇರೋದು ಬಂಡವಾಳ, ಹೆಸರು, ಮ್ಯಾನೇಜ್ ಮಾಡೋ ಜನ. ಟೆಕ್ ಕಂಪನಿ ದಾರಿ ಇದಲ್ಲ, ಎರಡನ್ನೂ ಕಲಸ್ಬೇಡಿ.

ಸರ್ಕಾರಗಳು ಸುಮ್ನೆ ನೋಡ್ತಾ ಕೂತಿಲ್ಲ. ಒಂದು ವ್ಯಾಪಾರದ ಬಲ ಇಟ್ಕೊಂಡು ಇನ್ನೊಂದರಲ್ಲಿ ಎದುರಾಳೀನ ತುಳಿದ್ರೆ ಅದು ತಪ್ಪು ಅನ್ನೋದು ಈ ಕಾನೂನುಗಳ ತಿರುಳು. ಆಂಡ್ರಾಯ್ಡ್ ಜೊತೆ ತನ್ನ ಆ್ಯಪ್‌ಗಳನ್ನ ಕಟ್ಟಿ ಕೊಡ್ತು ಅಂತ ನಮ್ಮ ಸ್ಪರ್ಧಾ ಆಯೋಗ 2022ರ ಅಕ್ಟೋಬರಲ್ಲಿ ಗೂಗಲ್‌ಗೆ 1,337 ಕೋಟಿ ರೂಪಾಯಿಗೂ ಹೆಚ್ಚು ದಂಡ ಹಾಕ್ತು, 2024ರ ಆಗಸ್ಟಲ್ಲಿ ಅಮೆರಿಕದ ಕೋರ್ಟು ಸರ್ಚಲ್ಲಿ ಗೂಗಲ್ ಕಾನೂನು ಮೀರಿ ಏಕಸ್ವಾಮ್ಯ ಉಳಿಸ್ಕೊಂಡಿದೆ ಅಂತ ತೀರ್ಪು ಕೊಡ್ತು. ನಿಮ್ಮಂಥ ಅಂಗಡಿಯವ್ರಿಗೆ ಇದಕ್ಕಿಂತ ಹತ್ತಿರದ ನಿಯಮ ಅಂದ್ರೆ, ವಿದೇಶಿ ಬಂಡವಾಳದ ಆನ್‌ಲೈನ್ ಮಾರ್ಕೆಟ್‌ಗಳು ಇಲ್ಲಿ ತಮ್ಮದೇ ಮಾಲು ಇಟ್ಕೊಂಡು ಮಾರೋ ಹಾಗಿಲ್ಲ, ತಾವು ಪಾಲು ಹೊಂದಿರೋ ಮಾರಾಟಗಾರರ ಮೂಲಕವೂ ಮಾರೋ ಹಾಗಿಲ್ಲ ಅಂತ 2019ರ ಫೆಬ್ರವರಿಯಿಂದ ಬಿಗಿ ಮಾಡಿದಾರೆ. ಇಲ್ಲದಿದ್ರೆ ನಿಮ್ಮ ಅಪ್ಪಂಗೆ ಪೈಪೋಟಿ ಇನ್ನೂ ಜೋರಿರ್ತಿತ್ತು.

ಈಗ ನಿಮ್ ತಮ್ಮನ ವಿಷಯ. ಆ್ಯಪ್ ಬೇಡ. ಮಂಡ್ಯದಂಥ ಊರಲ್ಲಿ ಅರ್ಧ ಗಂಟೇಲಿ ಪೆನ್ನು ತರಿಸ್ಕೊಳ್ಳೋಕೆ ಎಷ್ಟು ಜನ ದುಡ್ಡು ಕೊಡ್ತಾರೆ? ಆ್ಯಪ್ ಕಟ್ಟಿಸೋಕೆ, ಆಮೇಲೆ ಅದನ್ನ ನಡೆಸೋಕೆ, ಜನಕ್ಕೆ ಅದನ್ನ ಪರಿಚಯ ಮಾಡಿಸೋಕೆ ಖರ್ಚು ಇದ್ದೇ ಇರುತ್ತೆ, ಆ ಆಟ ಆಡ್ತಿರೋರ ಜೇಬು ನಿಮ್ದಲ್ಲ. ಇದು ಮೇಲೆ ಹೇಳಿದ ಫೋನ್ ಆಸೆ ಥರಾನೇ, ಪಕ್ಕದವನ ಹತ್ರ ಇದೆ ಅಂತ ಮಾಡೋದು.

ಆದ್ರೆ ನಿಮ್ಮ ಪ್ರಶ್ನೇಲೇ ನೀವು ಗಮನಿಸದೆ ಒಂದು ಒಳ್ಳೇ ವಿಷಯ ಬರ್ದಿದೀರಿ, ಟಾಟಾ ಏಸ್. ನಿಮಗೆ ಅವೆನ್ಯೂ ರೋಡಿನ ಹೋಲ್‌ಸೇಲ್ ಅಂಗಡಿಗಳು ಗೊತ್ತು, ಯಾರ ಹತ್ರ ಯಾವ ಕಂಪನಿ ನೋಟ್‌ಬುಕ್ ಯಾವ ರೇಟಿಗೆ ಸಿಗುತ್ತೆ ಗೊತ್ತು, ಗಾಡಿ ಇದೆ, ಹೋಗೋ ಖರ್ಚು ಹೆಂಗಿದ್ರೂ ಬೀಳ್ತಿದೆ. ಇದು ನಿಮ್ಮ ಒಳಗಿನ ಕೆಲಸ. ಪಾಂಡವಪುರ, ಮದ್ದೂರು, ನಾಗಮಂಗಲದ ಸಣ್ಣ ಸ್ಟೇಷನರಿ ಅಂಗಡಿಯವ್ರು ಇದೇ ಕೆಲಸಕ್ಕೆ ಒಂದು ದಿನ ಅಂಗಡಿ ಬಾಗಿಲು ಹಾಕಿ, ಬಸ್ಸಲ್ಲಿ ಹೋಗಿ ಚೀಲ ಹೊತ್ಕೊಂಡು ಬರ್ತಾರೆ, ಒಬ್ಬೊಬ್ಬರೇ ಸ್ವಲ್ಪ ಸ್ವಲ್ಪ ಕೊಳ್ಳೋದ್ರಿಂದ ರೇಟೂ ಸಿಗಲ್ಲ. ಅವರ ಆರ್ಡರ್ ನೀವು ವಾಟ್ಸಾಪಲ್ಲಿ ತಗೊಂಡು, ಎಲ್ಲಾ ಸೇರಿಸಿ ಒಟ್ಟಿಗೆ ಕೊಂಡ್ರೆ ನಿಮಗೂ ರೇಟ್ ಇಳಿಯುತ್ತೆ, ಅವರಿಗೂ ಒಂದು ದಿನ ಉಳಿಯುತ್ತೆ. ಮೊದಲು ನಿಮಗೆ ಪರಿಚಯ ಇರೋ ನಾಲ್ಕೈದು ಅಂಗಡಿಯವ್ರನ್ನ ಕೇಳಿ ನೋಡಿ, ಅವ್ರು ಹೂಂ ಅಂದ್ರೆ ಮಾತ್ರ ಮುಂದೆ.

ನಿಮ್ಮ ಬಿಲ್ಲಲ್ಲೇ ಕೊಂಡು ಅವರಿಗೆ ಬಿಲ್ ಹಾಕಿ ಮಾರಿ, ಜಿಎಸ್‌ಟಿ ಲೆಕ್ಕ ಆಡಿಟರ್ ಹತ್ರ ಮೊದಲೇ ಮಾತಾಡ್ಕೊಳಿ. ಬರೀ ಬೇರೆಯವ್ರ ಮಾಲು ಬಾಡಿಗೆಗೆ ಹೊತ್ಕೊಂಡು ಬರೋದಾದ್ರೆ ಗಾಡಿ ಹಳದಿ ಬೋರ್ಡ್ ಇರ್ಬೇಕು, ನಿಮ್ದು ಹೆಂಗಿದೆ ನೋಡ್ಕೊಳಿ. ಉದ್ರಿ ಮಾತ್ರ ಕೊಡ್ಬೇಡಿ, ಈ ವ್ಯಾಪಾರ ಕೆಡೋದು ಅಲ್ಲೇ, ಅರ್ಧ ಅಡ್ವಾನ್ಸ್ ಸ್ಕ್ಯಾನ್ ಮಾಡಿಸ್ಕೊಂಡೇ ಗಾಡಿ ಹೊರಡಿಸಿ. ತಮ್ಮಂಗೆ ಈ ಲೆಕ್ಕ ಪೂರ್ತಿ ಒಪ್ಪಿಸಿ, ಹುಡುಗಂಗೆ ಏನೋ ಮಾಡ್ಬೇಕು ಅನ್ನೋ ಹುಮ್ಮಸ್ಸಿದೆ, ಒಳ್ಳೇದೇ. ಶುರು ಮಾಡೋದಾದ್ರೆ ಏಪ್ರಿಲಲ್ಲೇ ಮಾಡಿ, ಶಾಲೆ ತೆರೆದ ಮೇಲೆ ಯಾವ ಅಂಗಡಿಯವ್ನೂ ಹೊಸಬರ ಹತ್ರ ಮಾಲು ತಗೊಳ್ಳೋ ಯೋಚ್ನೆ ಮಾಡಲ್ಲ.